ಹನ್ನೊಂದು ಜೊತೆ ಹೆಜ್ಜೆ

"ಹೋದ ವರ್ಷ ಕಪ್ಪು ಎತ್ಕೊಂಡು ಬಂದೋರು ಇವರೇನಾ?"

ದರ್ಜಿ ಗನಿ ಸಾಬರು ಈ ಮಾತನ್ನು ಯಾರನ್ನೂ ಕೇಳಲಿಲ್ಲ. ಎದ್ದು ನಿಂತು, ಟೋಪಿ ತೆಗೆದು ಮೊಣಕಾಲಿಗೆ ಒಂದು ಸಲ ಬಡಿದು, ಮಂಜಿನ ಕಡೆಗೆ ಮುಖ ಮಾಡಿ ಕೇಳಿದರು. ಮಂಜು ಏನು ಹೇಳೀತು? ನಾವೆಲ್ಲ ಕೇಳುಗಟ್ಟೆಯ ಕಲ್ಲುಮೆಟ್ಟಿಲ ಮೇಲೆ ಕೂತೇ ಇದ್ದೆವು. ಆ ವರ್ಷದ ಮೂರನೇ ಪಂದ್ಯ ಆಗ ತಾನೇ ಮುಗಿದಿತ್ತು. ಮೊದಲನೆಯದು ಸಮ. ಎರಡನೆಯದು ಮೂರು ಗೋಲಿನ ಸೋಲು. ಈಗ ಇದೂ ಸೋಲು, ಅದರಲ್ಲೂ ಕೊನೆಯ ಗೋಲು ನಮ್ಮವರೇ ನಮ್ಮ ಬಲೆಗೆ ಹಾಕಿಕೊಂಡದ್ದು. ಗೋಲು ಬಿದ್ದಾಗ ಮಂಜಿನೊಳಗಿಂದ ಯಾವ ಹೆಸರೂ ಕೇಳಿಬರಲಿಲ್ಲ. ಅಂಥ ಗೋಲಿಗೆ ಹೆಸರು ಕೂಗುವ ಧೈರ್ಯ ಯಾರಿಗಿದೆ?

ನಮ್ಮ ಸೀಮೆಯಲ್ಲಿ ಎಂಟು ಊರು. ಎಂಟೂ ಊರಿನ ಫುಟ್‌ಬಾಲ್ ಮೈದಾನಗಳು ಮಂಜಿನೊಳಗೇ ಇವೆ. ಬೇಸಿಗೆಯಿರಲಿ, ಚಳಿಯಿರಲಿ, ಸುಣ್ಣದ ಗೆರೆ ದಾಟಿದರೆ ಚಾಚಿದ ಕೈಯ ಬೆರಳು ಕಾಣುವುದಿಲ್ಲ. ಗೆರೆಯ ಈಚೆಗೆ ಒಗೆದ ಸೀರೆ ಗಳಿಗೆಯಲ್ಲಿ ಒಣಗುವಷ್ಟು ಬಿಸಿಲು, ಆಚೆಗೆ ಕಾಯಿಸಿದ ಹಾಲಿನಂಥ ಬಿಳುಪು. ಆಡುವವರು ಅದರೊಳಗೆ ಆಡುತ್ತಾರೆ, ನಾವು ಹೊರಗೆ ಕೂತು ಕೇಳುತ್ತೇವೆ. ಪಂದ್ಯ ನೋಡಿ ಬಂದೆ ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ, ಕೇಳಿ ಬಂದೆ ಅನ್ನುತ್ತಾರೆ. ಚೆಂಡಿನ ಚರ್ಮದೊಳಗೆ ಗೆಜ್ಜೆ ಹೊಲಿದಿರುತ್ತದೆ. ಬಡಗಣ ಬಲೆಯ ತುಂಬ ಕಂಚಿನ ಗಂಟೆಗಳು, ತೆಂಕಣ ಬಲೆಯ ತುಂಬ ಹಿತ್ತಾಳೆಯ ಕಿರುಗಂಟೆಗಳು. ಯಾವುದು ಮೊಳಗಿತೋ ಅಲ್ಲಿ ಗೋಲು ಬಿತ್ತೆಂದು ಲೆಕ್ಕ. ಒಳಗೆ ಮಾತಾಡುವಂತಿಲ್ಲ, ಬಾಯಿ ಬಿಟ್ಟರೆ ಫೌಲು. ಗೋಲು ಹೊಡೆದವನು ಮಾತ್ರ ತನ್ನ ಹೆಸರನ್ನು ಒಂದೇ ಒಂದು ಸಲ ಕೂಗಬಹುದು. ಪಂದ್ಯದ ದಿನ ಹೆಂಗಸರು ಬಳೆಗಳನ್ನು ಮೊಳಕೈ ಕಡೆಗೆ ಏರಿಸಿ ಬಟ್ಟೆ ಸುತ್ತಿಕೊಂಡು ಬರುತ್ತಾರೆ. ಕೆಮ್ಮಿರುವವರಿಗೆ ಬೇರೆ ಮೂಲೆ. ಕೇಳುಗಟ್ಟೆಯಲ್ಲಿ ಮಾರುವುದು ಬೇಯಿಸಿದ ಕಡಲೆಕಾಯಿ ಮತ್ತು ಬಾಳೆಹಣ್ಣು ಎರಡೇ. ಒಂದು ವರ್ಷ ಪರಸ್ಥಳದವನೊಬ್ಬ ಚಕ್ಕುಲಿ ಹೊತ್ತು ತಂದಾಗ, ಊರವರೆಲ್ಲ ಸೇರಿ ಅವನನ್ನು ಕೆರೆ ಏರಿಯವರೆಗೆ ಓಡಿಸಿದ್ದರು. ರೆಫರಿಯನ್ನು ಬೈಯುವುದು ಎಲ್ಲ ಕಡೆಯಂತೆ ನಮ್ಮಲ್ಲೂ ಉಂಟು, ಆದರೆ 'ಕಣ್ಣಿಲ್ವೇನೋ' ಎಂದಲ್ಲ.

"ಓಡ್ತಾನೇ ಇಲ್ಲ ಕಣ್ರೀ ಇವರು!" ಎಂದು ಅಕ್ಕಿಗಿರಣಿಯ ರುದ್ರಮುನಿಯಪ್ಪನವರು ಸಿಡುಕಿದರು. ಅವರು ಅಭಿಮಾನಿ ಬಳಗದ ಅಧ್ಯಕ್ಷರು. ಅವರ ಮಗ ಗುರುಸಿದ್ಧ ನಮ್ಮ ಮುಂಚೂಣಿ ಆಟಗಾರ. "ನಾನು ಪೂರ್ತಿ ಪಂದ್ಯ ಕಿವಿಗೊಟ್ಟು ಕೇಳಿದೀನಿ. ಅವರ ಕಡೆಯವರು ದಬದಬ ಓಡ್ತಾವ್ರೆ. ನಮ್ಮೋರು? ಒಂದು ಹೆಜ್ಜೆ ಸದ್ದಿಲ್ಲ. ನಿಂತಲ್ಲೇ ನಿಂತವ್ರೆ, ಮದುವೆ ಮನೇಲಿ ಊಟಕ್ಕೆ ಕರೀಲಿ ಅಂತ ಕಾಯೋರ ಥರ!"

"ಹೊಟ್ಟೆ ತುಂಬಿದ ಮೇಲೆ ಓಡೋಕಾಗುತ್ತಾ?" ಎಂದರು ಗನಿ ಸಾಬರು. "ಕಪ್ಪು ಗೆದ್ದ ಮೇಲೆ ಆರು ತಿಂಗಳು ಬರೀ ಸನ್ಮಾನ. ಮನೆಮನೇಲಿ ಹೋಳಿಗೆ."

"ಓಡೋರ ಮಾತು ಬಿಡಿ. ನಿಂತಿರೋನ ಕೆಲಸ ನಿಂತಿರೋದು, ಅವನಾದ್ರೂ ನೆಟ್ಟಗೆ ನಿಂತನಾ? ನಮ್ಮ ಹೊನ್ನಜ್ಜ?" ಎಂದರು ರುದ್ರಮುನಿಯಪ್ಪನವರು.

ಅಲ್ಲಲ್ಲಿ ನಗು ಎದ್ದಿತು. ನಾನು ತಲೆ ತಗ್ಗಿಸಿದೆ. ಹೊನ್ನಯ್ಯ ನಮ್ಮ ತಂಡದ ಗೋಲ್‌ಕೀಪರ್. ನನ್ನ ಒಡಹುಟ್ಟಿದ ತಮ್ಮ. ಗೆದ್ದ ವರ್ಷ ಇದೇ ಮೆಟ್ಟಿಲಿನವರು ಅವನನ್ನು ಹೊನ್ನಣ್ಣ ಅನ್ನುತ್ತಿದ್ದರು. ಈ ವರ್ಷ ನಲವತ್ತೊಂದು ತುಂಬಿತೆಂದು ಯಾರಿಗೋ ನೆನಪಾಗಿ ಅಣ್ಣ ಹೋಗಿ ಅಜ್ಜ ಆಗಿದ್ದ.

"ಅವನ ಅಕ್ಕ ಇಲ್ಲೇ ಕೂತವ್ರೆ," ಎಂದಳು ಕಡಲೆಕಾಯಿ ಮಾರುವ ಫಿಲೋಮಿನಾ, ಮೊರವನ್ನು ಸೊಂಟಕ್ಕೆ ಇಟ್ಟುಕೊಂಡು. "ನಾಲಿಗೆಗೆ ಒಂಚೂರು ಲಗಾಮು ಹಾಕ್ರಪ್ಪ."

"ತುಂಗಕ್ಕನ ಮೇಲೆ ನಮಗೇನಮ್ಮ ಸಿಟ್ಟು? ದೇವರಂಥ ಹೆಂಗಸು," ಎಂದು ರುದ್ರಮುನಿಯಪ್ಪನವರು ನನ್ನ ಕಡೆ ಕೈ ಮುಗಿದೇ ಮುಂದುವರಿಸಿದರು. "ಆದ್ರೆ ನಿಜ ನಿಜಾನೇ. ಆ ಕೊನೇ ಗೋಲಲ್ಲಿ ಸ್ವಂತ ಆಟಗಾರ ಮಾದೇಶನಿಗೇ ಹೋಗಿ ಡಿಕ್ಕಿ ಹೊಡೆದ, ರೆಫರಿನೇ ಬಂದು ಹೇಳಿದ್ನಲ್ಲ. ಚೆಂಡು ಇವನ ಹೆಗಲಿಗೆ ತಾಗಿ ಒಳಕ್ಕೆ. ಪಕ್ಕದಲ್ಲಿರೋ ಮನುಷ್ಯನ್ನ ಕೇಳಿಸ್ಕೊಳೋಕಾಗದ ಕೀಪರ್‌ನ ಇಟ್ಕೊಂಡು ಏನು ಮಾಡೋಣ?"

ನಮ್ಮ ಊರಿನಲ್ಲಿ ತಂಡ ಕಟ್ಟುವುದೂ ಆಟಗಾರನನ್ನು ಇಳಿಸುವುದೂ ಕೇಳುಗಟ್ಟೆಯ ಹಕ್ಕು. ಆ ದಿನವೇ ಕೈ ಎತ್ತಿಸಿದರು. ಮುಂದಿನ ವಾರ ಕೆಳಗಿನೂರಿನ ಮೇಲೆ ನಾಲ್ಕನೇ ಪಂದ್ಯ. ಅದನ್ನೂ ಸೋತರೆ ಹೊನ್ನಯ್ಯ ಇಳಿಯಬೇಕು. ಇಳಿಸಿದವನು ಮತ್ತೆ ಸುಣ್ಣದ ಗೆರೆ ದಾಟುವಂತಿಲ್ಲ, ಅಭ್ಯಾಸಕ್ಕೂ ಇಲ್ಲ, ಬರಿಗಾಲಲ್ಲಿ ಹುಲ್ಲು ತುಳಿದು ಬರುತ್ತೇನೆಂದರೂ ಇಲ್ಲ. ಅದು ಹಿಂದಿನಿಂದ ಬಂದ ಕಟ್ಟು. ಕೈಗಳು ಎದ್ದವು. ಗನಿ ಸಾಬರು ಸ್ವಲ್ಪ ತಡೆದು ಎತ್ತಿದರು. ಫಿಲೋಮಿನಾ ಎರಡೂ ಕೈಯಲ್ಲಿ ಮೊರ ಹಿಡಿದುಕೊಂಡಳು. ನಾನು ಕೈ ಎತ್ತಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಮಾತಾಡಬೇಕಾದ ಕಡೆ ಮಾತಾಡದಿರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ನಾನು ಕೇಳುತ್ತಾ ಬೆಳೆದವಳು. ನಮ್ಮಪ್ಪ ನೇಕಾರ. ಹಗಲೆಲ್ಲ ಮಗ್ಗ, ಸಂಜೆ ಚೌಡೇಶ್ವರಿ ಗುಡಿಯ ಮಂಟಪದಲ್ಲಿ ಕಾವ್ಯ ಓದುವುದು. ಓದುವವರು ಅಪ್ಪ, ಅರ್ಥ ಹೇಳುವವರು ಶಾನುಭೋಗರು, ಕಂಬಕ್ಕೆ ಒರಗಿ ಕೇಳುವವಳು ನಾನು. ಏಳನೇ ವಯಸ್ಸಿನಿಂದ ಕೇಳಿದ್ದೇನೆ. ಪದದ ಅರ್ಥ ತಿಳಿಯುವ ಮೊದಲೇ ಮಾತ್ರೆಯ ತೂಕ ಕಿವಿಗೆ ಕೂತಿತ್ತು. ಅಪ್ಪ ಎಲ್ಲಾದರೂ ಒಂದು ಗುರು ಲಘು ತಪ್ಪಿದರೆ ನನಗೆ ಕತ್ತಲಲ್ಲಿ ಮೆಟ್ಟಿಲು ತಪ್ಪಿದಂತಾಗುತ್ತಿತ್ತು. ಆಗಲೂ ನಾನು ಹೇಳುತ್ತಿರಲಿಲ್ಲ. ದೊಡ್ಡವರು ಓದುವಾಗ ಹುಡುಗಿ ಬಾಯಿ ಹಾಕುವುದೇ? ಹೊನ್ನಯ್ಯ ಮಂಟಪದಲ್ಲಿ ಅರ್ಧ ಗಳಿಗೆ ಕೂತವನಲ್ಲ, ಹೊರಗೆ ಚೆಂಡೊದೆಯುತ್ತಿದ್ದ. ಆದರೂ ಕಿವಿ ಅಪ್ಪನದೇ. ನನ್ನ ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ಹೊನ್ನಯ್ಯ ಮದುವೆಯಾಗಲಿಲ್ಲ, ಚೆಂಡಿಗೇ ತಾಳಿ ಕಟ್ಟಿದವನು ಎಂದು ಓಣಿಯವರ ಮಾತು. ಹಾಗೆ ಒಂದೇ ಮನೆಯಲ್ಲಿ ನಾವಿಬ್ಬರು.

ಹೋದ ವರ್ಷ ನಮ್ಮವರ ಆಟ ನನಗೆ ಷಟ್ಪದಿಯಂತೆ ಕೇಳುತ್ತಿತ್ತು. ಗೆಜ್ಜೆ ಒಂದು ಗಿಡ್ಡ ಸಾಲು ಓಡಿ ಒಬ್ಬನ ಕಾಲಲ್ಲಿ ನಿಲ್ಲುವುದು, ಇನ್ನೊಂದು ಗಿಡ್ಡ ಸಾಲು, ಆಮೇಲೆ ಮೂರನೆಯ ಸಾಲು ಉದ್ದಕ್ಕೆ ಎಳೆದು, ಕೊನೆಯ ಗುರುವಿನ ಮೇಲೆ ಗಂಟೆ ಮೊಳಗುವುದು. ಕೇಳಿ ಕೇಳಿ ಕಣ್ಣಲ್ಲಿ ನೀರು ಬರುತ್ತಿತ್ತು. ಈ ವರ್ಷ ಅದೇ ಗೆಜ್ಜೆ, ಅದೇ ಹನ್ನೊಂದು ಜನ. ಆದರೆ ಸಾಲು ಎಲ್ಲೆಲ್ಲೋ ತುಂಡಾಗಿ, ಅರ್ಧಕ್ಕೆ ಬಿದ್ದು, ಎದುರಾಳಿಯ ಬಾಯಿಂದ ಪೂರ್ತಿಯಾಗುತ್ತಿತ್ತು.

ಆ ಸಂಜೆ ಹೊನ್ನಯ್ಯ ಹಿತ್ತಲಲ್ಲಿ ಕಾಲು ತೊಳೆದು ಬಂದು ಒಲೆಯ ಮುಂದೆ ಕೂತ. ಮುದ್ದೆ ಮುಂದಿಟ್ಟರೂ ಮುರಿಯಲಿಲ್ಲ.

"ಅಕ್ಕಾ," ಎಂದ. "ಕೈ ಎತ್ತಿದ್ರಂತೆ."

"ಎತ್ತಿದ್ರು."

"ಸರಿಯಾಗೇ ಎತ್ತವ್ರೆ. ನನ್ನ ಕಿವಿ ಹೋಗ್ತಾ ಐತಕ್ಕ."

ಅವನ ದನಿಯಲ್ಲಿ ಅಳುವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ನಮ್ಮ ಊರಿನಲ್ಲಿ ಕಿವಿ ಹೋಯಿತೆಂದು ಗಂಡಸು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಅಲ್ಲಿಗೆ ಅವನ ಬಾಳು ಮುಗಿಯಿತು.

"ಅವರ ಕಡೆಯೋರು ಬರೋದು ಕೇಳುತ್ತೆ, ಗೆಜ್ಜೆ ಕೇಳುತ್ತೆ. ನಮ್ಮೋರು ಮಾತ್ರ ಎಲ್ಲವ್ರೆ ಅಂತ ಗೊತ್ತಾಗಲ್ಲ. ಮಾದೇಶ ನನ್ನ ಮಗ್ಗುಲಲ್ಲೇ ಇದ್ದ, ಸತ್ಯವಾಗ್ಲೂ ಕೇಳಲಿಲ್ಲ. ಅಭ್ಯಾಸದ ದಿನ ಎಲ್ಲಾ ಸರಿಯಾಗಿರುತ್ತೆ. ಪಂದ್ಯದ ದಿನ ಒಳಕ್ಕೆ ಕಾಲಿಟ್ಟ ತಕ್ಷಣ ಅರ್ಧ ಕಿವಿ ಮುಚ್ಚಿಹೋದಂಗೆ."

ನಾನು ಮುದ್ದೆಯ ತಟ್ಟೆಯನ್ನು ಅವನತ್ತ ಇನ್ನಷ್ಟು ಸರಿಸಿದೆ. ಮರುದಿನ ಬೆಳಿಗ್ಗೆ ಅವನು ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ದೇವರ ಮುಂದೆ ದೀಪ ಹಚ್ಚಿ, ಅಪ್ಪ ಓದುತ್ತಿದ್ದ ಪದ್ಯವೊಂದನ್ನು ಎತ್ತಿಕೊಂಡೆ. ಮೂರನೆಯ ಸಾಲಿನಲ್ಲಿ ಬೇಕೆಂದೇ ಎರಡು ಮಾತ್ರೆ ನುಂಗಿದೆ. ಚೌಡೇಶ್ವರಿ ತಾಯಿ ಕ್ಷಮಿಸಲಿ, ಹಾಗೆ ಮಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಹಿತ್ತಲಿಂದ ಬಟ್ಟೆ ಬಡಿಯುವ ಸದ್ದು ನಿಂತಿತು. "ಏನಕ್ಕಾ, ಬಾಯಲ್ಲಿ ಅವಲಕ್ಕಿ ಐತಾ? ಎರಡು ಮಾತ್ರೆ ತಿಂದೆಯಲ್ಲ!"

ಬಾವಿಗೂ ದೇವರ ಕೋಣೆಗೂ ನಡುವೆ ಎರಡು ಗೋಡೆ. ಇವನ ಕಿವಿಗೆ ಏನೂ ಆಗಿಲ್ಲ ಎಂದು ನನಗೆ ಗೊತ್ತಾಯಿತು. ಹಾಗಾದರೆ ಆಗಿರುವುದೇನು ಎಂಬುದು ಗೊತ್ತಾಗಲಿಲ್ಲ.

ಎರಡು ದಿನದ ಮೇಲೆ ಫಿಲೋಮಿನಾ ಬೆಳ್ಳುಳ್ಳಿ ಕೇಳಿಕೊಂಡು ಬಂದಳು. ಮನೆಯಲ್ಲಿ ಇಲ್ಲವೇ ಎಂದರೆ, ಇದ್ದದ್ದೆಲ್ಲ ಮುಗಿಯಿತು ಅಂದಳು. ಅವಳ ಮಗ ಲಾಜರ ನಮ್ಮ ತಂಡದ ಮಧ್ಯದ ಆಟಗಾರ, ಹೋದ ವರ್ಷ ಆ ಉದ್ದದ ಮೂರನೆಯ ಸಾಲು ಎಳೆಯುತ್ತಿದ್ದವನು ಅವನೇ.

"ಯಾರ ಹತ್ರಾನೂ ಅನ್ಬೇಡಿ ತುಂಗಕ್ಕ," ಎಂದು ಬಾಗಿಲು ಅರ್ಧ ಎಳೆದಳು. "ದಿನಾ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಕಿವಿಗೆ ಬಿಡ್ತೀನಿ. ನಮ್ಮ ಲಾಜರನಿಗೆ ಕೇಳ್ತಾ ಇಲ್ಲ. ಪಂದ್ಯದ ದಿನ ತನ್ನೋರೆಲ್ಲ ಎಲ್ಲಿಗೋ ಎದ್ದು ಹೋದಂಗಾಗುತ್ತಂತೆ. ಇಪ್ಪತ್ತಾರು ವರ್ಷಕ್ಕೆ ಕಿವುಡಾದ್ರೆ ಮಾತೆಗೆ ಹೊತ್ತ ಹರಕೆಗೆ ಏನು ಬೆಲೆ ಉಳೀತು ಹೇಳಿ?"

ಬೆಳ್ಳುಳ್ಳಿಯ ಗಡ್ಡೆ ನನ್ನ ಕೈಯಲ್ಲೇ ಉಳಿಯಿತು. ಒಬ್ಬನ ಕಿವಿ ಕೆಡಬಹುದು. ಇಬ್ಬರದು ಒಂದೇ ಥರ ಕೆಡುವುದುಂಟೆ? ಇಬ್ಬರಿಗೂ ಅಭ್ಯಾಸದ ದಿನ ಸರಿಯಿದ್ದು ಪಂದ್ಯದ ದಿನವೇ ಹೋಗುವುದುಂಟೆ? ಇನ್ನೆಷ್ಟು ಮನೆಯಲ್ಲಿ ಬೆಳ್ಳುಳ್ಳಿ ಮುಗಿದಿದೆಯೋ ಎನ್ನಿಸಿತು. ಪ್ರತಿಯೊಬ್ಬನೂ ತಾನೊಬ್ಬನೇ ಕಿವುಡನಾದೆನೆಂದು ನಾಚಿ, ಇನ್ನೊಬ್ಬನಿಗೆ ಹೇಳದೆ, ಹನ್ನೊಂದು ಮನೆಯಲ್ಲಿ ಹನ್ನೊಂದು ಬಟ್ಟಲು ಎಣ್ಣೆ ಕಾಯುತ್ತಿರಬಹುದು.

ನಾಲ್ಕನೇ ಪಂದ್ಯದ ದಿನ ಕೇಳುಗಟ್ಟೆಯಲ್ಲಿ ಉಸಿರು ಬಿಡಲೂ ಜಾಗವಿರಲಿಲ್ಲ. ಕೆಳಗಿನೂರಿನವರು ಎರಡು ಲಾರಿ ಜನ ಬಂದಿದ್ದರು. ಹೊನ್ನಯ್ಯ ಬೆಳಿಗ್ಗೆ ದೇವರ ಕೋಣೆಯಿಂದ ಬೂಟು ತೆಗೆದು ಒರೆಸಿಕೊಂಡು ಹೋಗಿದ್ದ. ಅದು ಕಪ್ಪು ಗೆದ್ದಾಗ ಅಭಿಮಾನಿ ಬಳಗದವರು ಹನ್ನೊಂದೂ ಜನಕ್ಕೆ ಸಭೆಯಲ್ಲಿ ಕೊಟ್ಟ ಬೂಟು. ಊರು ಪ್ರೀತಿಯಿಂದ ಕೊಟ್ಟದ್ದನ್ನು ಧೂಳಿಗೆ ಹಾಕಬಾರದೆಂದು ಎಲ್ಲರೂ ಅದನ್ನು ದೇವರ ಮುಂದಿಟ್ಟು, ಪಂದ್ಯಕ್ಕೆ ಮಾತ್ರ ಮೆಟ್ಟುತ್ತಿದ್ದರು. ಅಭ್ಯಾಸಕ್ಕೆ ಹಳೆಯವೇ.

ಸೀಟಿ ಕೇಳಿತು. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಬಡಗಣ ಬಲೆ ಮೊಳಗಿತು. ಅದು ನಮ್ಮ ಬಲೆ. ಕೆಳಗಿನೂರಿನವನೊಬ್ಬ ತನ್ನ ಹೆಸರು ಕೂಗಿದ. ಇನ್ನು ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಗಂಟೆ, ಮತ್ತೆ ಪರರ ಹೆಸರು. ರುದ್ರಮುನಿಯಪ್ಪನವರು ಹಲ್ಲು ಕಚ್ಚಿ ಪಿಸುಗುಟ್ಟಿದರು: "ನಿಂತವ್ರೆ. ಇವತ್ತೂ ನಿಂತೇ ಅವ್ರೆ."

ಆ ಮಾತು ನನ್ನಲ್ಲಿ ಏನನ್ನೋ ಎಳೆಯಿತು. ಎಲ್ಲರಂತೆ ನಾನೂ ಅದುವರೆಗೆ ಗೆಜ್ಜೆಯ ಹಿಂದೆಯೇ ಓಡುತ್ತಿದ್ದೆ. ಪದ್ಯ ಕೇಳುವಾಗ ಅಪ್ಪ ಒಂದು ಮಾತು ಹೇಳುತ್ತಿದ್ದರು: ರಾಗದ ಬೆನ್ನು ಬಿಡು, ಅಕ್ಷರ ಕಾಲಿಡೋದನ್ನ ಕೇಳು. ನಾನು ಕಣ್ಣು ಮುಚ್ಚಿ, ತಾಯಿಯನ್ನು ನೆನೆದು, ಗೆಜ್ಜೆಯನ್ನು ಬಿಟ್ಟೆ. ಕಾಲುಗಳನ್ನು ಕೇಳಿದೆ. ದಬದಬ ಒಂದು ಜೊತೆ, ಎಡಕ್ಕೆ. ಲಾಳ ಹೊಡೆದದ್ದು ಒಂದು ಜೊತೆ, ನಡುವೆ. ಕುಂಟು ಓಟದ್ದೊಂದು. ಒಂದೊಂದಾಗಿ ಎಣಿಸಿದೆ. ಹನ್ನೊಂದು ಜೊತೆ. ಮತ್ತೆ ಎಣಿಸಿದೆ. ಹನ್ನೊಂದೇ. ನನಗೆ ಗೊತ್ತಿದ್ದ ನಮ್ಮವರ ಹೆಜ್ಜೆ ಅದರಲ್ಲಿ ಒಂದೂ ಇಲ್ಲ, ಹನ್ನೊಂದೂ ಕೆಳಗಿನೂರಿನವರದು.

ನಮ್ಮವರು ನಿಂತಿರಲಿಲ್ಲ. ಗೆಜ್ಜೆ ಇಲ್ಲಿಂದ ಅಲ್ಲಿಗೆ ಹೋಗುತ್ತಿತ್ತಲ್ಲ, ನಿಂತವರು ಹೇಗೆ ಒಯ್ಯುತ್ತಾರೆ? ಅವರು ಓಡುತ್ತಿದ್ದರು. ಅವರ ಓಟಕ್ಕೆ ಸದ್ದಿರಲಿಲ್ಲ.

ಅರ್ಧ ಪಂದ್ಯದ ಸೀಟಿ ಊದಿದಾಗ ಎದ್ದು ನಿಂತೆ. ಇಷ್ಟು ವರ್ಷ ಕೂತ ಜಾಗದಿಂದ ನಾನು ಪಂದ್ಯದ ನಡುವೆ ಎದ್ದದ್ದು ಅದೇ ಮೊದಲು, ಮಗ್ಗುಲವರು ನನಗೆ ತಲೆ ಸುತ್ತಿತೆಂದು ತಿಳಿದು ಬಾಳೆಹಣ್ಣು ಕೊಡಲು ಬಂದರು. ನಮ್ಮ ಆಟಗಾರರು ಗೆರೆ ದಾಟಿ ನೀರು ಕುಡಿಯಲು ಈಚೆಗೆ ಬರುತ್ತಿದ್ದರು. ರುದ್ರಮುನಿಯಪ್ಪನವರು ಅವರಿಗೆ ಬೆನ್ನು ಮಾಡಿ, ಜನಕ್ಕೆ ಕೈ ಬೀಸಿ ಹೇಳುತ್ತಿದ್ದರು: "ಇನ್ನೇನು ಉಳಿದಿದೆ? ಈಗಲೇ ಬದಲಿ ಕೀಪರ್‌ನ ಕಳಿಸೋಣ. ಹೊನ್ನಯ್ಯ ಇಲ್ಲೇ ಇಳೀಲಿ."

"ರುದ್ರಮುನಿಯಪ್ಪನೋರೆ," ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. "ತಿರುಗಬೇಡಿ. ಹಂಗೇ ನಿಂತ್ಕೊಂಡು ಒಂದು ಮಾತು ಹೇಳಿ. ನಿಮ್ಮ ಹಿಂದೆ ಯಾರವ್ರೆ?"

"ಯಾರವ್ರೆ? ಯಾರೂ ಇಲ್ಲ."

"ಚೆನ್ನಾಗಿ ಕೇಳಿ ಹೇಳಿ."

"ಅಯ್ಯೋ ತುಂಗಕ್ಕ, ನಲವತ್ತು ವರ್ಷದಿಂದ ಕೇಳೋ ಕಿವಿ ಇದು. ಯಾರಾದ್ರೂ ಬಂದಿದ್ರೆ ಗೊತ್ತಾಗ್ತಿರಲಿಲ್ವಾ? ಯಾರೂ ಇಲ್ಲ!"

ಕೇಳುಗಟ್ಟೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ರುದ್ರಮುನಿಯಪ್ಪನವರು ತಿರುಗಿದರು. ಅವರ ಹಿಂದೆ, ಒಂದು ಮೊಳ ದೂರದಲ್ಲಿ, ಹನ್ನೊಂದೂ ಜನ ನಿಂತಿದ್ದರು. ಮುಂದೆ ಅವರ ಸ್ವಂತ ಮಗ ಗುರುಸಿದ್ಧ, ಚೊಂಬು ಕೈಯಲ್ಲಿ ಹಿಡಿದು.

"ಯಾವಾಗ ಬಂದ್ರೋ?"

"ಆಗಲೇ ಬಂದ್ವಿ ಅಪ್ಪಾಜಿ."

ರುದ್ರಮುನಿಯಪ್ಪನವರು ಮಗನ ಮುಖ ನೋಡಿದರು, ಆಮೇಲೆ ಕಾಲು ನೋಡಿದರು. ಬೂಟು ಹೊಸದಾಗಿ ಹೊಳೆಯುತ್ತಿತ್ತು, ಅಡಿಗೆ ಅಂಗೈ ದಪ್ಪದ ಮೆತ್ತನೆ ರಬ್ಬರು. ಅವರೇ ದೂರದಿಂದ ತರಿಸಿದ್ದು. ಹತ್ತಿಯ ಹಾಗಿದೆ, ಬೆಕ್ಕು ನಡೆದಂಗೆ ನಡೀಬಹುದು ಎಂದು ಸಭೆಯಲ್ಲಿ ಅವರೇ ಹೇಳಿದ್ದರು.

"ಎದುರಾಳಿಗೆ ಹೆಜ್ಜೆ ಕೇಳಬಾರದು ಅಂತ ತಾನೇ ತರಿಸಿದ್ದು," ಎಂದರು ಮೆಲ್ಲಗೆ. "ನಾನೇ ಯೋಚನೆ ಮಾಡಿ ತರಿಸಿದ್ದು."

"ಎದುರಾಳಿಗೆ ಕೇಳಲಿಲ್ಲ," ಎಂದೆ. "ನಮ್ಮೋರಿಗೂ ಕೇಳಲಿಲ್ಲ. ಅವರಿಗೆ ಅವರವರ ಹೆಜ್ಜೆ ಇತ್ತು. ನಮ್ಮೋರು ಒಬ್ಬೊಬ್ಬರೂ ಒಂಟಿಯಾಗಿ ಆಡವ್ರೆ, ಪಾಪ."

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಜರ ಮೊದಲು ಬಾಯಿಬಿಟ್ಟ. "ಹೊನ್ನಣ್ಣ, ನಿಂಗೂ ಕೇಳ್ತಿರಲಿಲ್ವಾ?"

"ನಿಂಗೂ?"

"ನಂಗೂ," ಎಂದ ಗುರುಸಿದ್ಧ. ಮಾದೇಶ ಜೋರಾಗಿ ನಕ್ಕೇಬಿಟ್ಟ, ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ತಿಂಗಳಿಂದ ಒಬ್ಬೊಬ್ಬನೂ ಹೊತ್ತ ಹೊರೆ ಅಲ್ಲೇ ನೆಲಕ್ಕಿಳಿಯಿತು. ಅವರ ಕಿವಿಗಳಿಂದ ಬೆಳ್ಳುಳ್ಳಿ ಎಣ್ಣೆಯ ವಾಸನೆ ಬಿಸಿಲಿಗೆ ಗಮ್ಮೆಂದು ಹೊಡೆಯುತ್ತಿತ್ತು.

"ಹಳೇ ಬೂಟು ತರೋಕೆ ಹೊತ್ತಿಲ್ಲ," ಎಂದ ಹೊನ್ನಯ್ಯ. ಕೂತು ಬಿಚ್ಚತೊಡಗಿದ. ನಿಂತಿದ್ದ ರುದ್ರಮುನಿಯಪ್ಪನವರತ್ತ ತಲೆಯೆತ್ತಿ ನೋಡಿದ. "ನೀವು ಕೊಟ್ಟಿದ್ದು. ಬೇಜಾರ್ ಮಾಡ್ಕೋಬೇಡಿ."

ಎಲ್ಲರೂ ಅಧ್ಯಕ್ಷರ ಬಾಯಿ ನೋಡಿದರು. ಸಭೆಯಲ್ಲಿ ಊರು ಕೊಟ್ಟದ್ದನ್ನು ಕಾಲಿಂದ ಕಳಚಿ ಎಸೆಯುವುದೆಂದರೆ ಸಣ್ಣ ಮಾತಲ್ಲ. ರುದ್ರಮುನಿಯಪ್ಪನವರು ಹನ್ನೊಂದು ಜೊತೆ ಬೂಟನ್ನೂ ಒಮ್ಮೆ ನೋಡಿದರು. ಆಮೇಲೆ ಬಗ್ಗಿದರು. ಅಷ್ಟು ದಪ್ಪದ ಮನುಷ್ಯ ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನ ಬೂಟಿನ ದಾರಕ್ಕೆ ಕೈ ಹಾಕಿದರು.

"ನನ್ನ ತಲೆಗಿಷ್ಟು ಬೆಂಕಿ ಬೀಳ. ಬಿಚ್ಚೋ ಬೇಗ. ಸೀಟಿ ಊದ್ತಾರೆ."

ನಮ್ಮವರು ಬರಿಗಾಲಲ್ಲಿ ಮಂಜಿನೊಳಗೆ ಹೋದರು. ಮೊದಲ ಹೆಜ್ಜೆಗೇ ಕೇಳುಗಟ್ಟೆಯೆಲ್ಲ ನೆಟ್ಟಗೆ ಕೂತಿತು. ಚಪ್ಪಟೆ ಪಾದದ ಲಾಜರ, ಚಪ್ ಚಪ್. ತುದಿಗಾಲಿನ ಗುರುಸಿದ್ಧ, ಕೊತ್ತಂಬರಿ ಹೆಚ್ಚಿದಂತೆ ಸಣ್ಣಗೆ. ಎಡಗಾಲು ಎಳೆಯುವ ಮಾದೇಶ. ಹುಟ್ಟುವಾಗ ತಂದ ಪಾದಗಳು, ಒಂದರಂತೆ ಒಂದಿಲ್ಲ. "ಅದು ನನ್ನ ಮಗ," ಎಂದು ರುದ್ರಮುನಿಯಪ್ಪನವರು ಯಾರ ಕೈಯನ್ನೋ ಹಿಡಿದು ಅಮುಕಿದರು. ಗನಿ ಸಾಬರ ಕೈ. ಸಾಬರು ನೋವಾದರೂ ಬಿಡಿಸಿಕೊಳ್ಳಲಿಲ್ಲ.

ಐದು ನಿಮಿಷವಾಗಲಿಲ್ಲ. ಗೆಜ್ಜೆ ಒಂದು ಗಿಡ್ಡ ಸಾಲು ಓಡಿ ಮಾದೇಶನ ಕಾಲಲ್ಲಿ ನಿಂತಿತು. ಅಲ್ಲಿಂದ ಇನ್ನೊಂದು ಗಿಡ್ಡ ಸಾಲು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಲಾಜರ ಮೂರನೆಯ ಸಾಲನ್ನು ಎಳೆದ, ಉದ್ದಕ್ಕೆ, ಇನ್ನೂ ಉದ್ದಕ್ಕೆ. ಅದರ ತುದಿಯಲ್ಲಿ ಸಣ್ಣ ಹೆಜ್ಜೆಗಳು ಕಾದು ನಿಂತಿದ್ದವು.

ಬಡಗಣ ಬಲೆ ಮೊಳಗಿತು. ಅರ್ಧ ಪಂದ್ಯಕ್ಕೆ ಬದಿ ಬದಲಾಗಿತ್ತು, ಈಗ ಅದು ಅವರ ಬಲೆ.

"ಗುರುಸಿದ್ಧ!"

ಪಂದ್ಯದ ನಡುವೆ ಕೇಳುಗಟ್ಟೆ ಕಿರುಚುವಂತಿಲ್ಲ. ಮೆಟ್ಟಿಲು ಮೆಟ್ಟಿಲೂ ಬಾಯಿಗೆ ಕೈ ಅಡ್ಡ ಹಿಡಿದು ಅಲುಗಾಡಿತು. ಎರಡನೆಯ ಗೋಲು ಲಾಜರನದು. ಅವನು ತನ್ನ ಹೆಸರನ್ನು ಎಷ್ಟು ಉದ್ದ ಕೂಗಿದನೆಂದರೆ ಫಿಲೋಮಿನಾ ಮೊರ ಬಿಟ್ಟು ಶಿಲುಬೆ ಗುರುತು ಮಾಡಿಕೊಂಡಳು, ಬೇಯಿಸಿದ ಕಡಲೆಕಾಯಿ ಸದ್ದಿಲ್ಲದೆ ಮೆಟ್ಟಿಲಿಳಿದು ಹೋಯಿತು. ಮೂರನೆಯದೂ ಲಾಜರನದೇ. ಎರಡಕ್ಕೆ ಮೂರು.

ಕೊನೆಯ ನಿಮಿಷಗಳಲ್ಲಿ ಕೆಳಗಿನೂರಿನವರು ಒಟ್ಟಾಗಿ ನುಗ್ಗಿದರು. ಆರು ಜೊತೆ ಬೂಟು ನಮ್ಮ ಬಲೆಯ ಕಡೆ ಬರುವುದನ್ನು ನಾನು ಎಣಿಸಿದೆ. ನಮ್ಮ ಮಾದೇಶನ ಎಳೆಯುವ ಕಾಲು ಎಡಕ್ಕೆ ಸರಿಯಿತು. ಹೊನ್ನಯ್ಯ ಅದನ್ನು ಕೇಳಿಸಿಕೊಂಡ. ನನಗೆ ಗೊತ್ತು, ಏಕೆಂದರೆ ಅವನ ಅಂಗಾಲು ಆ ಬದಿ ಬಿಟ್ಟು ಬಲಕ್ಕೆ ಒಂದೇ ಹೆಜ್ಜೆ ಹಾಕಿತು. ಒದೆತದ ಸದ್ದು. ಗೆಜ್ಜೆ ಝಲ್ಲೆಂದು ಗಾಳಿಗೆ ಎದ್ದು, ನಡುದಾರಿಯಲ್ಲಿ ತಟ್ಟನೆ ನಿಂತುಹೋಯಿತು. ಗಂಟೆ ಮೊಳಗಲಿಲ್ಲ. ಅದು ಚೆಂಡು ಎದೆಗಪ್ಪಿಕೊಂಡ ಮನುಷ್ಯನ ಮೌನ. ನಾನು ಬಾಳಿನಲ್ಲಿ ಕೇಳಿದ ಪದ್ಯಗಳಲ್ಲೆಲ್ಲ ಅಷ್ಟು ತುಂಬಿದ ಯತಿಯನ್ನು ಇನ್ನೆಲ್ಲೂ ಕೇಳಿಲ್ಲ.

ಸೀಟಿ ಊದಿದ ಮೇಲಿನ ಗದ್ದಲವನ್ನು ಹೇಳಲಾರೆ. ಹೆಂಗಸರು ಸುತ್ತಿದ ಬಟ್ಟೆ ಕಿತ್ತೆಸೆದು ಬಳೆ ಗಲಗಲಿಸಿದರು. ಕೆಮ್ಮಿನ ಮೂಲೆಯವರು ಅರ್ಧ ದಿನದ ಕೆಮ್ಮನ್ನು ಒಟ್ಟಿಗೇ ಕೆಮ್ಮಿದರು. "ಹೊನ್ನಣ್ಣಾ!" ಎಂದು ಮೆಟ್ಟಿಲೆಲ್ಲ ಕೂಗಿತು, ಅಜ್ಜ ಎಂದಿದ್ದವರ ದನಿಯೇ ಎಲ್ಲರಿಗಿಂತ ಜೋರು. ಗನಿ ಸಾಬರು ಟೋಪಿಯನ್ನು ಮೇಲಕ್ಕೆಸೆದರು, ಅದು ಮಂಜಿನೊಳಗೆ ಬಿತ್ತು. "ಹೋಗ್ಲಿ ಬಿಡ್ರೋ, ಇನ್ನೊಂದು ಹೊಲ್ಕೋತೀನಿ."

ಆ ವರ್ಷದ ಉಳಿದ ಪಂದ್ಯಗಳನ್ನು ನಮ್ಮವರು ಬರಿಗಾಲಲ್ಲೇ ಆಡಿದರು. ಹಳೆಯ ಬೂಟು ಮನೆಯಲ್ಲಿದ್ದರೂ ಯಾರೂ ತರಲಿಲ್ಲ. ಅಂಗಾಲು ಒಡೆಯಿತು, ನಾನು ಮೇಣ ಕಾಯಿಸಿ ಹಚ್ಚಿದೆ. ಒಂದೂ ಸೋಲಲಿಲ್ಲ. ಕೊನೆಯ ಪಂದ್ಯ ಮುಗಿದಾಗ ಕಪ್ಪು ಎರಡನೆಯ ವರ್ಷವೂ ನಮ್ಮ ಊರಿಗೇ ಬಂತು. ಎಂಟು ಊರಿನಲ್ಲಿ ಯಾರೂ ಹಾಗೆ ಸಾಲಾಗಿ ತಂದವರಿಲ್ಲ.

ಸನ್ಮಾನದ ದಿನ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ರುದ್ರಮುನಿಯಪ್ಪನವರು ಈ ಸಲ ಯಾವ ಉಡುಗೊರೆಯನ್ನೂ ತಂದಿರಲಿಲ್ಲ, ಬರೀ ಹೂವಿನ ಹಾರ. ನನ್ನನ್ನೂ ಮೇಲೆ ಕರೆದು ಕುರ್ಚಿ ಹಾಕಿಸಿದರು, ಬೇಡವೆಂದರೂ ಕೇಳಲಿಲ್ಲ. ಹನ್ನೊಂದು ಜನಕ್ಕೂ ಹಾರ ಹಾಕಿ, ಹೊನ್ನಯ್ಯನ ಹತ್ತಿರ ಬಂದಾಗ ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ನಿಜವಾಗಿಯೂ ತುಂಬಿತ್ತು.

"ಹೊನ್ನಯ್ಯ, ನಾನು ನಿನ್ನ ಇಳಿಸೋಕೆ ಕೈ ಎತ್ತಿಸಿದೋನು. ಆ ತಪ್ಪು ಈ ಜನ್ಮದಲ್ಲಿ ಹೋಗಲ್ಲ. ಅದಕ್ಕೇ ಪ್ರೀತಿಯಿಂದ ಹೇಳ್ತಿದೀನಿ, ಅಣ್ಣನ ಮಾತು ಅಂತ ಕೇಳು. ನಲವತ್ತೆರಡು ನಡೀತಿದೆ ನಿಂಗೆ. ಇಂಥ ದಿನ ಇನ್ನೊಂದು ಬರಲ್ಲ. ಎರಡು ಕಪ್ಪು, ಕೊರಳು ತುಂಬ ಹೂವು, ಊರೆಲ್ಲ ಎದುರಿಗೆ. ಇವತ್ತು ನೀನಾಗೇ ಇಳಿದುಬಿಟ್ರೆ ಇಳಿಸಿದ್ರು ಅನ್ನೋ ಮಾತೇ ಯಾವತ್ತೂ ಹುಟ್ಟಲ್ಲ. ಮರ್ಯಾದೆಯಾಗಿ, ದೊಡ್ಡೋನಾಗಿ ಉಳೀತೀಯ. ಇಳಿದುಬಿಡು, ತಮ್ಮಾ. ನಾನು ಕೈ ಮುಗೀತೀನಿ."

ಚಪ್ಪರ ಸುಮ್ಮನಾಯಿತು. ನಮ್ಮ ಊರಿಗೆ ಸುಮ್ಮನಿರುವುದು ಚೆನ್ನಾಗಿ ಬರುತ್ತದೆ. ಒಂದು ಬಳೆಯ ಸದ್ದೂ ಇಲ್ಲ. ಹೊನ್ನಯ್ಯ ಅಧ್ಯಕ್ಷರ ಮುಗಿದ ಕೈಗಳನ್ನು ಮೆಲ್ಲಗೆ ಬಿಡಿಸಿ ಕೆಳಗಿಳಿಸಿದ. ಕೊರಳ ಹಾರವನ್ನು ಸರಿಮಾಡಿಕೊಂಡ. ಕೊನೆಯ ಸಾಲಿನವರಿಗೂ ಕೇಳಲಿ ಎಂಬಂತೆ ಗಂಟಲು ಬಿಚ್ಚಿದ.

"ಇಳಿಯಲ್ಲ."